ಆಂಪ್ಲಿಫೈಯರ್‌ಗೆ ಜಾಗ ಹುಡುಕುವ ಮುನ್ನ ಕಾರ್ಪೆಟ್ ಎತ್ತಿ ನೋಡಿ

"ಸೀಟಿನ ಕೆಳಗೆ ಹಾಕುತ್ತೀರೋ, ಡಿಕ್ಕಿಯಲ್ಲೋ?" ಕಾರಿಗೆ ಆಂಪ್ಲಿಫೈಯರ್, ಅಂದರೆ ಸ್ಟೀರಿಯೋದ ಸದ್ದಿಗೆ ಬಲ ಕೊಡುವ ಆಂಪ್ ಪೆಟ್ಟಿಗೆ, ಹಾಕಿಸಲು ಬರುವವರು ಇಂಜಿನ್ ಆರಿಸುವ ಮೊದಲೇ ಕೇಳುವ ಪ್ರಶ್ನೆ ಇದು. ನಾನು ಉತ್ತರ ಕೊಡದೆ ಎಡಗಡೆಯ ಮುಂಬಾಗಿಲು ತೆರೆದು, ಮ್ಯಾಟ್ ಸರಿಸಿ, ಕಾರ್ಪೆಟ್ಟಿನ ಅಂಚಿನಡಿಗೆ ಕೈ ತೂರಿಸುತ್ತೇನೆ. ಗಿರಾಕಿಗಳು ಮುಖ ಮುಖ ನೋಡುತ್ತಾರೆ. ಮಂಗಳೂರಿನಂಥ ಊರಿನಲ್ಲಿ ಈ ಕೆಲಸ ಮಾಡುವವನು ಮೊದಲು ನೋಡಬೇಕಾದದ್ದು ಖಾಲಿ ಜಾಗವನ್ನಲ್ಲ, ನೀರಿನ ದಾರಿಯನ್ನು.

ಒಂದು ಜುಲೈಯಲ್ಲಿ ಬಂದ ಕಾರಿನ ಕಥೆ ಹೇಳುತ್ತೇನೆ. ಬೇರೆ ಅಂಗಡಿಯಲ್ಲಿ ಕೂರಿಸಿದ ಒಳ್ಳೆಯ ನಾಲ್ಕು ಚಾನೆಲ್ಲಿನ (ನಾಲ್ಕು ಸ್ಪೀಕರ್ ಓಡಿಸುವ) ಆಂಪ್, ಮುಂದಿನ ಎಡ ಸೀಟಿನ ಕೆಳಗಿತ್ತು. ಆರು ತಿಂಗಳು ಚೆನ್ನಾಗಿ ಹಾಡಿ ಒಂದು ದಿನ ಮೂಕವಾಗಿತ್ತು. ಬಿಚ್ಚಿ ನೋಡಿದರೆ ತಾಮ್ರದ ತಂತಿಗಳ ತುದಿಯಲ್ಲೆಲ್ಲ ಹಸಿರು ಕಿಲುಬು. "ಸರ್, ನನ್ನ ಕಾರು ಒಂದು ದಿನವೂ ನೀರಿನಲ್ಲಿ ನಿಂತಿಲ್ಲ" ಎಂದು ಮಾಲೀಕರು ಆಣೆ ಮಾಡಿದರು. ಅವರು ಹೇಳಿದ್ದು ನಿಜ. ಆ ನೀರು ಮಳೆಯದಾಗಿರಲಿಲ್ಲ, ಎ.ಸಿ.ಯದು. ನಮ್ಮ ಬಹುತೇಕ ಕಾರುಗಳಲ್ಲಿ ಎ.ಸಿ.ಯ ಕೂಲಿಂಗ್ ಕಾಯಿಲ್ ಡ್ಯಾಶ್‌ಬೋರ್ಡಿನ ಎಡಭಾಗದ ಹಿಂದೆ ಇರುತ್ತದೆ. ಅಲ್ಲಿ ಇಳಿಯುವ ನೀರು ಸಣ್ಣ ಕೊಳವೆಯೊಂದರ ಮೂಲಕ ಕಾರಿನ ಅಡಿಗೆ ತೊಟ್ಟಿಕ್ಕಬೇಕು. ಕೊಳವೆಯಲ್ಲಿ ಧೂಳು, ಎಲೆಯ ಚೂರು ಕಟ್ಟಿಕೊಂಡರೆ ನೀರು ಒಳಗೆ ತಿರುಗಿ, ಕಾರ್ಪೆಟ್ಟಿನ ಅಡಿಯ ಸ್ಪಂಜಿನಲ್ಲಿ ಹೀರಿಕೊಂಡು, ಸದ್ದಿಲ್ಲದೆ ಸೀಟಿನ ಕೆಳಗೆ ಹರಡುತ್ತದೆ. ಮೇಲಿನ ಮ್ಯಾಟ್ ಒಣಗಿಯೇ ಇರುತ್ತದೆ. ಸೆಕೆಯ ದಿನ ಅರ್ಧ ಗಂಟೆ ಎ.ಸಿ. ಓಡಿದ ಮೇಲೂ ಕಾರಿನ ಕೆಳಗೆ ಒಂದು ಹನಿ ಬೀಳದಿದ್ದರೆ ಆ ಕೊಳವೆಯನ್ನು ನೋಡಿಸಿಕೊಳ್ಳಿ, ಆಂಪ್ ಇರಲಿ ಇಲ್ಲದಿರಲಿ.

ಅದರರ್ಥ ಸೀಟಿನ ಅಡಿ ಕೆಟ್ಟ ಜಾಗವೆಂದಲ್ಲ. ನಿಜ ಹೇಳಬೇಕೆಂದರೆ ಸಣ್ಣ ಆಂಪ್‌ಗೆ ನಾನು ಮೊದಲು ಯೋಚಿಸುವುದು ಅದನ್ನೇ. ಬ್ಯಾಟರಿಗೂ ಸ್ಟೀರಿಯೋಗೂ ಹತ್ತಿರ, ಬಿಸಿಲು ನೇರ ಬೀಳುವುದಿಲ್ಲ, ಡಿಕ್ಕಿ ಪೂರ್ತಿ ಉಳಿಯುತ್ತದೆ. ಆದರೆ ಅಳತೆ ತೆಗೆಯುವುದರಲ್ಲಿ ಹಲವರು ಎಡವುತ್ತಾರೆ. ಖಾಲಿ ಸೀಟಿನ ಕೆಳಗೆ ಟೇಪು ಹಿಡಿದು ಹತ್ತು ಸೆಂಟಿಮೀಟರ್ ಇದೆ ಎಂದು ಬರೆದುಕೊಂಡರೆ ಆಗಲಿಲ್ಲ. ನನ್ನ ಹುಡುಗರಲ್ಲಿ ದಪ್ಪನೆಯವನನ್ನು ಕೂರಿಸಿ, ಸೀಟನ್ನು ಪೂರ್ತಿ ಹಿಂದಕ್ಕೂ ಮುಂದಕ್ಕೂ ತಳ್ಳಿಸಿ ಅಳೆಯುತ್ತೇನೆ. ಸ್ಪ್ರಿಂಗು ಎಷ್ಟು ಕೆಳಗಿಳಿಯುತ್ತದೆ, ಹಳಿ ಯಾವ ತಂತಿಯನ್ನು ಕಚ್ಚುತ್ತದೆ ಎನ್ನುವುದು ಆಗ ಗೊತ್ತಾಗುತ್ತದೆ. ಕೆಲವು ಕಾರುಗಳಲ್ಲಿ ಹಿಂದೆ ಕೂತವರ ಕಾಲಿಗೆ ಗಾಳಿ ಬಿಡುವ ಕೊಳವೆಯೂ ಅಲ್ಲೇ ಬಾಯಿ ತೆರೆದಿರುತ್ತದೆ, ಅದನ್ನು ಮುಚ್ಚಬಾರದು. ಸೀಟಿನ ಅಡಿಯಲ್ಲಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಬ್ಯಾಟರಿ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆಯೇ ಅದರ ಆಸುಪಾಸು ಕೈ ಹಾಕಬೇಕು. ಚಾಲಕನ ಸೀಟಿನ ಕೆಳಗಾದರೆ ಇನ್ನೊಂದು ಎಚ್ಚರ: ಬಿಗಿಯಾಗಿ ಕೂರಿಸದ ಆಂಪ್ ಗಕ್ಕನೆ ಬ್ರೇಕ್ ಒತ್ತಿದಾಗ ಜಾರಿ ಪೆಡಲಿನ ಅಡಿಗೆ ಬರಬಹುದು. ಎರಡು ಬದಿಯ ಅಂಟು ಟೇಪಿನಲ್ಲಿ ನಿಲ್ಲಿಸಿದ್ದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ನೀರಿನ ನಂತರ ಬಿಸಿ. ಒಂದೊಂದು ಚಾನೆಲ್ಲಿಗೆ 50 ವಾಟಿನಂತೆ 200 ವಾಟ್ ಕೊಡುವ, ಎಬಿ ಕ್ಲಾಸ್ ಎಂಬ ಹಳೆಯ ಬಗೆಯ ಆಂಪ್ ತಗೊಳ್ಳಿ. ಪೂರ್ತಿ ಜೋರಿನಲ್ಲಿ ಅದರ ದಕ್ಷತೆ ಸುಮಾರು 60 ಶೇಕಡಾ. ಅಂದರೆ ಬ್ಯಾಟರಿಯಿಂದ 330 ವಾಟ್ ಎಳೆದು, 130 ವಾಟನ್ನು ಬಿಸಿಯಾಗಿ ಹೊರಹಾಕುತ್ತದೆ. ನಾನು ದಿನವೂ ಹಿಡಿಯುವ ಸೋಲ್ಡರಿಂಗ್ ಐರನ್ 25 ವಾಟಿನದು. ಅಂಥ ಐದನ್ನು ಹೊತ್ತಿಸಿ ಸೀಟಿನ ಕೆಳಗಿಟ್ಟಂತೆ! ಹಾಡು ಸದಾ ಅಷ್ಟು ಜೋರಿನಲ್ಲಿ ಇರುವುದಿಲ್ಲ ನಿಜ, ಆದರೆ ಬಿಸಿಲಿನಲ್ಲಿ ನಿಂತ ಕಾರಿನ ಒಳಗು ಮೊದಲೇ ಕಾದಿರುತ್ತದೆ. ಡಿ ಕ್ಲಾಸ್ ಎಂಬ ಈಗಿನ ಬಗೆಯ ಆಂಪ್‌ಗಳ ದಕ್ಷತೆ 80 ಶೇಕಡಾ ದಾಟುತ್ತದೆ. ಅಷ್ಟೇ ಹಾಡಿಗೆ ಐರನ್ನುಗಳ ಲೆಕ್ಕ ಎರಡಕ್ಕೆ ಇಳಿಯಿತು. ಗ್ಲೌ ಬಾಕ್ಸಿನ ಹಿಂದೆ ಅಡಗುವ ಅಂಗೈಯಗಲದ ಆಂಪ್‌ಗಳು ಬಂದದ್ದು ಇದರಿಂದಲೇ. ಎಬಿ ಕ್ಲಾಸ್ ಪೆಟ್ಟಿಗೆಯನ್ನು ಅಂಥ ಸಂದಿಯಲ್ಲಿ ತುರುಕಿದರೆ ಅರ್ಧ ದಾರಿಯಲ್ಲಿ ಕೆಂಪು ದೀಪ ಹೊತ್ತಿ ಹಾಡು ನಿಲ್ಲುತ್ತದೆ. ತಣ್ಣಗಾದ ಮೇಲೆ ಮತ್ತೆ ಹಾಡುತ್ತದೆ. "ಘಾಟಿ ಹತ್ತುವಾಗ ಮಾತ್ರ ಕೆಡುತ್ತದೆ" ಎಂದು ದೂರು ತಂದವರೊಬ್ಬರ ಕಾರಿನಲ್ಲಿ ನಾನು ಕಂಡ ರೋಗ ಅಷ್ಟೇ. ಅಷ್ಟು ಹೊತ್ತಿಗೆ ಒಂದೂವರೆ ಗಂಟೆಯಿಂದ ಹಾಡು ಜೋರಾಗಿ ಓಡುತ್ತಿತ್ತು.

ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಪಾರ್ಸೆಲ್ ಟ್ರೇಯ (ಹಿಂದಿನ ಸೀಟಿನ ಬೆನ್ನಿನಾಚೆ, ಗಾಜಿನ ಕೆಳಗಿನ ಹಲಗೆ) ಅಡಿಯಲ್ಲಿ ಆಂಪನ್ನು ತಲೆಕೆಳಗಾಗಿ ನೇತುಹಾಕಿದರೆ ಅದರ ಬಿಸಿ ಅದರ ಹೊಟ್ಟೆಗೇ ಮರಳುತ್ತದೆ. ಟ್ರೇಯ ಮೇಲಿಟ್ಟರೆ ಹಿಂದಿನ ಗಾಜಿನ ಬಿಸಿಲು. ಹಿಂದಿನ ಸೀಟಿನ ಬೆನ್ನಿಗೆ, ಡಿಕ್ಕಿಯ ಕಡೆಯಿಂದ, ಆಂಪಿನ ಬಿಸಿ ಚೆಲ್ಲುವ ಅಲ್ಯೂಮಿನಿಯಂ ಏಣುಗಳು ಲಂಬವಾಗಿ ನಿಲ್ಲುವಂತೆ ಕೂರಿಸುವುದು ಒಳ್ಳೆಯ ಉಪಾಯ. ಆದರೆ ಸೀಟು ಮಡಚುವ ಅಭ್ಯಾಸವಿದ್ದರೆ ತಂತಿಗೆ ಅಷ್ಟು ಸಡಿಲ ಬಿಡಬೇಕು. ಸ್ಟೆಪ್ನಿಯ ಗುಂಡಿ ನೋಡಲು ಹೇಳಿ ಮಾಡಿಸಿದ ಜಾಗ. ಆದರೆ ಟೈಲ್ ಲ್ಯಾಂಪಿನ ರಬ್ಬರು ಹಳತಾದರೆ ನೀರು ಮೊದಲು ಇಳಿಯುವುದು ಅಲ್ಲಿಗೇ ಎಂಬುದು ಸ್ಟೆಪ್ನಿ ಎತ್ತಿದವರಿಗೆ ಗೊತ್ತು. ಇನ್ನು ಸಬ್‌ವೂಫರ್ (ದಪ್ಪ ಸದ್ದಿನ ದೊಡ್ಡ ಸ್ಪೀಕರ್) ಪೆಟ್ಟಿಗೆಗೇ ಆಂಪನ್ನು ತಿರುಪು ಹಾಕಿ ಕೂರಿಸುವ ಪದ್ಧತಿ. ಕೆಲಸ ಬೇಗ ಮುಗಿಯುತ್ತದೆ, ನೋಡಲೂ ಚಂದ. ಒಂದೊಂದು ಹೊಡೆತಕ್ಕೂ ಆ ಹಲಗೆ ನಡುಗುತ್ತದೆ, ಒಳಗಿನ ಬೆಸುಗೆಗಳೂ ನಡುಗುತ್ತವೆ. ನಾನು ಒಪ್ಪುವುದಿಲ್ಲ. ಬಾನೆಟ್ಟಿನ ಒಳಗಂತೂ ಮಾತೇ ಬೇಡ.

ತಿರುಪಿನ ಮಾತು ಬಂದಿತಲ್ಲ, ಡ್ರಿಲ್ ಎತ್ತುವ ಮುನ್ನ ಕಾರಿನ ಅಡಿಗೆ ಬಗ್ಗಿ ನೋಡಬೇಕು. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಸೀಟಿನ ನೇರ ಕೆಳಗೆ ಪೆಟ್ರೋಲ್ ಟ್ಯಾಂಕು ಇರುತ್ತದೆ. ಇಂಧನದ ಮತ್ತು ಬ್ರೇಕಿನ ಕೊಳವೆಗಳು ನೆಲದುದ್ದಕ್ಕೂ ಹಾದಿರುತ್ತವೆ. 2023ರಲ್ಲಿ ಬಂದ ಟಾಟಾ ಆಲ್ಟ್ರೋಜ್ ಸಿಎನ್‌ಜಿಯಲ್ಲಿ ಡಿಕ್ಕಿ ಖಾಲಿಯಾಗಿಯೇ ಕಾಣುತ್ತದೆ, ಎರಡು ಸಿಲಿಂಡರ್‌ಗಳು ಅದರ ನೆಲದ ಅಡಿಯಲ್ಲಿ ಮಲಗಿರುತ್ತವೆ. ಎಲೆಕ್ಟ್ರಿಕ್ ಕಾರಿನ ನೆಲದಡಿಯಲ್ಲಿ ಬ್ಯಾಟರಿಯೇ ಇದೆ. ಇವುಗಳಿಗೆ ನಾನು ಡ್ರಿಲ್ ಮುಟ್ಟಿಸುವುದೇ ಇಲ್ಲ. ಮೊದಲೇ ಇರುವ ತೂತುಗಳಿಗೆ 12 ಮಿಲಿಮೀಟರ್ ಪ್ಲೈವುಡ್ ಬಿಗಿದು, ಆಂಪನ್ನು ಆ ಹಲಗೆಗೆ ಕೂರಿಸುತ್ತೇನೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ಕರಾವಳಿಯ ತೇವಕ್ಕೆ ಅದು ನೆನೆದ ರಸ್ಕಿನಂತೆ ಉಬ್ಬುತ್ತದೆ. ಹಲಗೆಯ ಇನ್ನೊಂದು ಲಾಭ, ಆಂಪಿನ ಮೈ ನೇರವಾಗಿ ಕಾರಿನ ತಗಡಿಗೆ ತಾಗುವುದಿಲ್ಲ.

ಅದು ಯಾಕೆ ಮುಖ್ಯ ಎಂದರೆ, ಆಂಪ್‌ಗೆ ಅರ್ತ್ (ಕಾರಿನ ತಗಡಿನ ಮೂಲಕ ಬ್ಯಾಟರಿಗೆ ವಿದ್ಯುತ್ ಮರಳುವ ದಾರಿ) ಒಂದೇ ಕಡೆಯಿಂದ, ನಾವು ಆರಿಸಿದ ಕಡೆಯಿಂದ ಸಿಗಬೇಕು. ಆ ತಂತಿ 45 ಸೆಂಟಿಮೀಟರ್ ಮೀರದಂತೆ ನೋಡಿಕೊಳ್ಳುತ್ತೇನೆ. ಅದನ್ನು ಬಿಗಿಯುವ ಕಡೆ ತಗಡಿನ ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆಯಬೇಕು, ಬಿಗಿದ ಮೇಲೆ ತುಕ್ಕು ಹಿಡಿಯದಂತೆ ಗ್ರೀಸ್ ಸವರಬೇಕು. ಸೀಟ್ ಬೆಲ್ಟಿನ ಬೋಲ್ಟಿಗೆ ಅರ್ತ್ ಸಿಕ್ಕಿಸುವವರಿದ್ದಾರೆ. ಜೀವ ಕಾಯುವ ಬೋಲ್ಟನ್ನು ಹಾಡಿಗಾಗಿ ಬಿಚ್ಚಬೇಡಿ. ಎಕ್ಸಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ ಕುಂಯ್ ಎಂದು ಏರುವ ಸದ್ದು ಕೇಳಿದರೆ ನಾನು ಮೊದಲು ಈ ಅರ್ತನ್ನು ನೋಡುತ್ತೇನೆ, ಆಮೇಲೆ ತಂತಿಗಳ ದಾರಿಯನ್ನು. ವಿದ್ಯುತ್ತಿನ ತಂತಿ ಒಂದು ಬದಿಯಲ್ಲಿ, ಸ್ಟೀರಿಯೋದಿಂದ ಆಂಪ್‌ಗೆ ಹಾಡು ತರುವ ಆರ್‌ಸಿಎ ತಂತಿ ಇನ್ನೊಂದು ಬದಿಯಲ್ಲಿ ಹೋಗಬೇಕು. ಆಂಪ್ ಎಲ್ಲೇ ಇರಲಿ, ಫ್ಯೂಸ್ ಇರಬೇಕಾದದ್ದು ಬ್ಯಾಟರಿಯ ಪಕ್ಕ. ಆಂಪಿನ ಮೈಮೇಲೆ ಫ್ಯೂಸ್ ಇದೆಯಲ್ಲ ಎಂದು ವಾದಿಸುತ್ತಾರೆ. ಬ್ಯಾಟರಿಯಿಂದ ಆಂಪಿನವರೆಗಿನ ತಂತಿ ನಡುವೆ ಎಲ್ಲೋ ತಗಡಿಗೆ ಉಜ್ಜಿ ಸಿಪ್ಪೆ ಬಿಟ್ಟರೆ ಆ ಫ್ಯೂಸ್‌ಗೆ ಸುದ್ದಿಯೇ ತಲುಪುವುದಿಲ್ಲ.

ಆ ಜುಲೈಯ ಕಾರಿಗೆ ಕೊಳವೆ ಊದಿಸಿ, ಕಾರ್ಪೆಟ್ಟನ್ನು ಎರಡು ದಿನ ಫ್ಯಾನಿನ ಕೆಳಗೆ ಒಣಗಿಸಿದೆವು. ಹೊಸ ಆಂಪ್ ಈಗ ಬಲಗಡೆ, ಚಾಲಕನ ಸೀಟಿನ ಕೆಳಗೆ, ಹಲಗೆಯ ಮೇಲೆ ನೆಲದಿಂದ ಎರಡು ಬೆರಳು ಎತ್ತರದಲ್ಲಿದೆ. ಪ್ರತಿ ವರ್ಷ ಮೇ ಕೊನೆಯ ವಾರ ಅವರು ಬರುತ್ತಾರೆ, ನಾನು ಎಡಬಾಗಿಲು ತೆರೆದು ಕಾರ್ಪೆಟ್ಟಿನಡಿಗೆ ಕೈ ತೂರಿಸುತ್ತೇನೆ.