ಕ್ರಯಪತ್ರದಲ್ಲಿ ‘ಎಂಜಾಯ್‌ಮೆಂಟ್’ ಯಾಕೆ ಬರುತ್ತದೆ?

ಪ್ರಶ್ನೆ: ಎಂಜಾಯ್ ಅಂದರೆ ಮಜಾ ಮಾಡುವುದು ತಾನೇ? ನಮ್ಮ ಸೈಟಿನ ಇಂಗ್ಲಿಷ್ ಕ್ರಯಪತ್ರದಲ್ಲಿ ‘ಪೊಸೆಷನ್ ಅಂಡ್ ಎಂಜಾಯ್‌ಮೆಂಟ್’ ಅಂತ ಬರೆದಿದ್ದಾರೆ. ಹಾಗೆಂದರೇನು?

ಉತ್ತರ: ಅದೇ ಪತ್ರ ಕನ್ನಡದಲ್ಲಿದ್ದರೆ ನಿಮಗೆ ಈ ಅನುಮಾನ ಬರುತ್ತಿರಲಿಲ್ಲ. ಅಲ್ಲಿ ಪತ್ರ ಬರಹಗಾರರು ‘ಸ್ವಾಧೀನಾನುಭವ’ ಅಂತ ಬರೆಯುತ್ತಾರೆ. ‘ಪುತ್ರ ಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಬರುವುದು’ ಅನ್ನುವ ಸಾಲನ್ನು ಹಳೆಯ ಪತ್ರಗಳಲ್ಲಿ ನೀವೂ ಓದಿರಬಹುದು. ಎಂಜಾಯ್‌ಮೆಂಟ್ ಅಂದರೆ ಆ ಅನುಭವವೇ. ಜಾಗ ನಿಮ್ಮ ಕೈಯಲ್ಲಿರುವುದು ಸ್ವಾಧೀನ. ಅಲ್ಲಿ ಮನೆ ಕಟ್ಟಿಕೊಳ್ಳುವುದು, ಮರದ ಕಾಯಿ ಕೀಳುವುದು, ಬಾಡಿಗೆ ಪಡೆಯುವುದು ಅನುಭವ.

ದಾರಿ ಜಗಳಗಳಲ್ಲೂ ಈ ಪದವೇ ಬರುತ್ತದೆ. ಪಕ್ಕದವರ ಜಮೀನಿನಲ್ಲಿ ಓಡಾಡಿದ್ದರಿಂದಲೇ ದಾರಿಯ ಹಕ್ಕು ಬರಬೇಕಾದರೆ ಅದನ್ನು 20 ವರ್ಷ, ಬಹಿರಂಗವಾಗಿ, ತಡೆಯಿಲ್ಲದೆ, ಅನುಮತಿ ಕೇಳದೆ ಹಕ್ಕಿನಿಂದಲೇ ‘ಎಂಜಾಯ್’ ಮಾಡಿರಬೇಕು ಅನ್ನುತ್ತದೆ 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ. ಈಸ್‌ಮೆಂಟ್ ಅಂದರೆ ಬೇರೆಯವರ ಜಾಗವನ್ನು ಹೀಗೆ ಬಳಸುವ ಹಕ್ಕು. ಗೊಬ್ಬರದ ಗಾಡಿ ಹೊಡೆದುಕೊಂಡು ಓಡಾಡಿದ್ದರೂ ಅದು ಎಂಜಾಯ್ ಮಾಡಿದ ಹಾಗೆಯೇ.

ಬಾಡಿಗೆ ಕರಾರಿನ ‘ಕ್ವಯಟ್ ಎಂಜಾಯ್‌ಮೆಂಟ್’ ನೋಡಿ ಕೆಲವರು ಹೆದರುತ್ತಾರೆ. ಮನೆಯಲ್ಲಿ ಸದ್ದು ಮಾಡಬಾರದು ಅಂತ ಅದರ ಅರ್ಥವಲ್ಲ. ಬಾಡಿಗೆದಾರರು ನೆಮ್ಮದಿಯಾಗಿರಲಿ, ಮಾಲೀಕರು ಸುಮ್ಮಸುಮ್ಮನೆ ತೊಂದರೆ ಕೊಡಬಾರದು ಅಂತ. ಅಂದರೆ ಅದು ನಿಮ್ಮ ಪರವಾಗಿರುವ ಮಾತು. ಸಹಿ ಹಾಕುವ ಮುಂಚೆ ಅದು ಇದೆಯಾ ಅಂತ ದಯವಿಟ್ಟು ನೋಡಿ.

ಪತ್ರಿಕೆಗಳಲ್ಲೂ ಇದೇ ಅರ್ಥ. ಎಸ್. ಆರ್. ಬೊಮ್ಮಾಯಿ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ ಪ್ರಕರಣ ಗೊತ್ತಲ್ವಾ? ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನವಾಗಬೇಕು ಅಂತ ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿತು. ಆ ಬಹುಮತ ಇರುವುದನ್ನೇ ಇಂಗ್ಲಿಷ್‌ನಲ್ಲಿ ‘ಎಂಜಾಯ್ಸ್ ದ ಕಾನ್ಫಿಡೆನ್ಸ್ ಆಫ್ ದ ಹೌಸ್’ ಅನ್ನುವುದು. ಒಳ್ಳೆಯ ಆರೋಗ್ಯ, ಹೆಸರು, ಹಕ್ಕು ಇವಕ್ಕೂ ಎಂಜಾಯ್ ಸಲ್ಲುತ್ತದೆ. ಆದರೆ ನಮ್ಮ ‘ಅನುಭವಿಸು’ ಸುಖಕ್ಕೂ ಬರುತ್ತದೆ, ಕಷ್ಟಕ್ಕೂ ಬರುತ್ತದೆ. ಎಂಜಾಯ್ ಹಾಗಲ್ಲ. ನೋವು ಅನುಭವಿಸಿದ್ದಕ್ಕೆ ಇಂಗ್ಲಿಷ್‌ನಲ್ಲಿ ‘ಸಫರ್’ ಅನ್ನಬೇಕು.

ಇನ್ನು ದಿನನಿತ್ಯದ ಮಾತು. ಇಲ್ಲಿ ನಾವು ಎಡವುವುದು ಜಾಸ್ತಿ. ‘ಟ್ರಿಪ್‌ನಲ್ಲಿ ಸಕತ್ ಎಂಜಾಯ್ ಮಾಡಿದ್ವಿ’ ಅಂತ ಕನ್ನಡದಲ್ಲಿ ಹೇಳಿದರೆ ಸಾಕು, ಏನನ್ನು ಅಂತ ಯಾರೂ ಕೇಳುವುದಿಲ್ಲ. ಇಂಗ್ಲಿಷ್‌ಗೆ ಅದು ಬೇಕು. ‘ವಿ ಎಂಜಾಯ್ಡ್ ಎ ಲಾಟ್’ ಅನ್ನುವುದು ನಮ್ಮಲ್ಲಿ ನಡೆಯುತ್ತದೆ, ಆದರೆ ಇಂಟರ್‌ವ್ಯೂನಲ್ಲೋ ಪರೀಕ್ಷೆಯಲ್ಲೋ ‘ವಿ ಎಂಜಾಯ್ಡ್ ದ ಟ್ರಿಪ್’ ಅಥವಾ ‘ವಿ ಎಂಜಾಯ್ಡ್ ಅವರ್‌ಸೆಲ್ವ್ಸ್’ ಅನ್ನಿ. ಹಾಗೆಯೇ ‘ಐ ಎಂಜಾಯ್ ಟು ರೀಡ್’ ತಪ್ಪು, ‘ಐ ಎಂಜಾಯ್ ರೀಡಿಂಗ್’ ಸರಿ. ಹೋಟೆಲಿನಲ್ಲಿ ತಟ್ಟೆ ಇಟ್ಟು ‘ಎಂಜಾಯ್!’ ಅನ್ನುವಾಗ ಮಾತ್ರ ಒಂದೇ ಪದ ಸಾಕು. ಏನನ್ನು ಅನ್ನುವುದು ಎದುರಿಗೇ ಇರುತ್ತದೆ.