‘ಒಂದ್ ಶಬ್ದನೂ ತಿಳೀವಲ್ದು’ ಅನ್ನೋರಿಗೆ

ಕಲಬುರಗಿಯಲ್ಲಿ ಮಿಕ್ಸಿಂಗ್ ಕೆಲಸ, ಅಂದರೆ ರೆಕಾರ್ಡಾದ ದನಿ-ವಾದ್ಯಗಳನ್ನು ಹದವಾಗಿ ಕೂಡಿಸುವ ಕೆಲಸ, ಮಾಡುವವರ ಮುಂದೆ ಬರುವ ದೂರುಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಕಿಸೆಯಿಂದ ಮೊಬೈಲ್ ತೆಗೆದು, ಫುಲ್ ವಾಲ್ಯೂಮ್ ಕೊಟ್ಟು ಮೇಜಿನ ಮೇಲಿಡುತ್ತಾರೆ: “ನೀವೇ ಕೇಳ್ರಿ ಸರ್. ಎಲ್ಲಾರೂ ಹೊಗಳ್ಯಾರ, ಒಂದ್ ಶಬ್ದನೂ ತಿಳೀವಲ್ದು.” ತೇಲುವ ಗಿಟಾರು, ಮಂಜಿನೊಳಗಿಂದ ಬಂದಂಥ ಹೆಣ್ಣುದನಿ. ಆ ಜಾತಿಯ ಪಾಪ್ ಸಂಗೀತಕ್ಕೆ ಹಿರಿಯಕ್ಕನಂತಿರುವ ಆಲ್ಬಂ ಕಾಕ್ಟೋ ಟ್ವಿನ್ಸ್ ತಂಡದ ‘ಹೆವನ್ ಆರ್ ಲಾಸ್ ವೇಗಾಸ್’. 1990ರ ಸೆಪ್ಟೆಂಬರಿನಲ್ಲಿ ಬಂತು, ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ 7ನೇ ಸ್ಥಾನಕ್ಕೇರಿತು. ವಿಮರ್ಶಕರು ಆಗಲೇ ಮೆಚ್ಚಿದ್ದರು, ವರ್ಷ ಕಳೆದಷ್ಟೂ ಅದರ ಮಾನ ಏರಿದೆ. ತಂಡದ ಗಾಯಕಿ ಎಲಿಜಬೆತ್ ಫ್ರೇಜರ್ ಏನು ಹಾಡುತ್ತಾಳೆ ಎಂಬುದರ ಬಗ್ಗೆ ಮಾತ್ರ ಕಟ್ಟಾ ಅಭಿಮಾನಿಗಳಲ್ಲೂ ಒಮ್ಮತವಿಲ್ಲ. ಗಮ್ಮತ್ತೆಂದರೆ, ತಂಡದ 1984ರ ‘ಟ್ರೆಷರ್’ಗೆ ಹೋಲಿಸಿದರೆ ಇದರಲ್ಲಿ ಮಾತು ಎಷ್ಟೋ ಬಿಡಿಸಿ ಕೇಳುತ್ತದೆ.

ವಿಮರ್ಶಕರ ತಪ್ಪೂ ಇದೆ. ‘ಅಲೌಕಿಕ’, ‘ಗಂಧರ್ವ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ, ಯಾವುದರಲ್ಲಿ ಕೇಳಿದೆವು ಅನ್ನುವುದನ್ನು ಹೇಳುವುದಿಲ್ಲ. 1990ರಲ್ಲಿ ವಿಮರ್ಶೆ ಬರೆದವರ ಎದುರು ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಇರುತ್ತಿತ್ತು. ಇಂದು ಒಂದು ಸ್ಟಾರ್ ಕೊಡುವವನ ಕೈಯಲ್ಲಿ ಇರುವುದು ಅಂಗೈಯಗಲದ ಬ್ಲೂಟೂತ್ ಡಬ್ಬಿ. ಇಬ್ಬರೂ ಕೇಳಿದ್ದು ಒಂದೇ ಹಾಡಲ್ಲ.

ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲವಾದ್ದರಿಂದ ಲೆಕ್ಕ ಬಿಡಿಸಿಯೇ ಹೇಳುತ್ತೇನೆ. ಈ ಬಗೆಯ ಸಂಗೀತದಲ್ಲಿ ಒಂದೇ ಗಿಟಾರನ್ನು, ಎಷ್ಟೋ ಸಲ ದನಿಯನ್ನೂ, ಎಡಕ್ಕೊಂದು ಬಲಕ್ಕೊಂದು ಮಾಡಿ, ಒಂದನ್ನು ಚೂರು ತಡವಾಗಿಸಿ, ಶ್ರುತಿಯನ್ನು ಚೂರು ಅಲುಗಿಸಿ ಇಡುತ್ತಾರೆ. ಆ ಅಗಲ ಬರುವುದು ಹಾಗೆ. ಒಂದೇ ಸ್ಪೀಕರಿನ ಡಬ್ಬಿ ಎರಡನ್ನೂ ಕೂಡಿಸಿಬಿಡುತ್ತದೆ. ತಡ 1 ಮಿಲಿಸೆಕೆಂಡ್ ಇದ್ದರೆ 500 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 500 ಕಂಪನದ ದನಿಯಲ್ಲಿ) ಒಂದು ಅಲೆಯ ಏರು ಇನ್ನೊಂದರ ಇಳಿವಿನ ಮೇಲೆ ಬಿದ್ದು ಎರಡೂ ಅಳಿಯುತ್ತವೆ. 1500ರಲ್ಲಿ ಮತ್ತೆ, 2500ರಲ್ಲಿ ಮತ್ತೆ, ಬಾಚಣಿಗೆಯ ಹಲ್ಲಿನ ಹಾಗೆ. ಇವೆಲ್ಲ ಮಾತು ಗುರುತು ಸಿಗುವ ಜಾಗಗಳೇ. ಮೊದಲೇ ಮಂಜಿದ್ದ ದನಿಗೆ ನಿಮ್ಮ ಡಬ್ಬಿ ತೂತೂ ಕೊರೆಯುತ್ತದೆ.

ನಂಬಿಕೆ ಬರದಿದ್ದರೆ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಒಳಗೆ ‘ಮೋನೋ ಆಡಿಯೋ’ ಹುಡುಕಿ, ಎಡ-ಬಲ ಎರಡನ್ನೂ ಕೂಡಿಸಿ ಒಂದೇ ಮಾಡುವುದು ಅದು. ವೈರಿನ ಇಯರ್‌ಫೋನ್ ಹಾಕಿಕೊಂಡು ಒಂದೇ 30 ಸೆಕೆಂಡನ್ನು ಅದು ಆಫ್ ಇದ್ದಾಗ, ಆನ್ ಇದ್ದಾಗ ಕೇಳಿ. ಆನ್ ಮಾಡಿದೊಡನೆ ಗಿಟಾರು ಸೊರಗಿದರೆ ತಪ್ಪು ಆಲ್ಬಮ್ಮಿನದಲ್ಲ. ಫ್ಯಾನ್ ಆರಿಸಿ ಕೇಳಿದರೆ ಇನ್ನೂ ಒಳ್ಳೆಯದು. ಮೇ ತಿಂಗಳ ಕಲಬುರಗಿಯಲ್ಲಿ ಈ ಮಾತು ಹೇಳುವ ಧೈರ್ಯ ನನಗಿಲ್ಲ, ಬೆಳಗಿನ ಜಾವ ಕೇಳಿ.

ಹಾಗಂತ ಮಸುಕಾಗಿರುವುದೆಲ್ಲ ಕಲೆ ಅಂತಲೂ ಅಲ್ಲ. ಇಯರ್‌ಫೋನಿನಲ್ಲೂ ದನಿ ಕೊಡದೊಳಗಿಂದ ಬಂದಂತಿದ್ದರೆ, 300–500 ಹರ್ಟ್ಸ್ ಸುತ್ತ ಎಲ್ಲ ವಾದ್ಯ ಗುಡ್ಡೆ ಬಿದ್ದಿದ್ದರೆ, ಅದು ಬಹುಶಃ ಕೆಟ್ಟ ಮಿಕ್ಸ್. ಅಂಥವಕ್ಕೆ ಬೈಯಿರಿ, ಯಾರ ಅಭ್ಯಂತರವೂ ಇಲ್ಲ.

ನನಗೆ ಅರ್ಥವಾಗದ್ದು ಬೇರೆ. ಉರುಸಿನ ಕವ್ವಾಲಿಯಲ್ಲಿ ಫಾರಸಿ ಸಾಲು ಬಂದರೆ ತಲೆದೂಗುವ ಜನ ನಾವು. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಒಗಟಿನಂಥ ಬೆಡಗಿನ ಪದಕ್ಕೆ ರಾತ್ರಿಯಿಡೀ ತಾಳ ಹಾಕುತ್ತೇವೆ, ಅರ್ಥ ಕೇಳಿದರೆ “ಅದು ಗುರುವಿಗೇ ಗೊತ್ರೀ” ಅನ್ನುತ್ತೇವೆ. ಆ ಸಮಾಧಾನ ಇಯರ್‌ಫೋನ್ ಹಾಕಿದೊಡನೆ ಎಲ್ಲಿ ಹೋಗುತ್ತದೋ!

ಇನ್ನು ಆಲ್ಬಂ ಮೆಚ್ಚಿದ ಹುಡುಗರು. ಅವರದು ಇದರ ತದ್ವಿರುದ್ಧ. ತಾವೇ ಬರೆದ ಕನ್ನಡ ಹಾಡು ತಂದು “ಅಣ್ಣಾ, ಅದರಂಗೇ ಎಕೋ ಹಾಕ್ರಿ” ಅನ್ನುತ್ತಾರೆ. ಅವರು ಎಕೋ ಅನ್ನುವುದನ್ನು, ದನಿ ನಿಂತ ಮೇಲೂ ಉಳಿದು ಮೆಲ್ಲಗೆ ಆರುವ ಆ ಗುಂಯ್‌ಗುಡುವಿಕೆಯನ್ನು, ನಾವು ರಿವರ್ಬ್ ಅನ್ನುತ್ತೇವೆ. 3 ಸೆಕೆಂಡಿನ ರಿವರ್ಬ್ ಅಂದರೆ ದನಿಯ ಬಾಲ 60 ಡೆಸಿಬಲ್ ಇಳಿಯಲು 3 ಸೆಕೆಂಡು ಬೇಕು. ಅದನ್ನು ಇಂಗ್ಲಿಷ್ ತಡೆದುಕೊಳ್ಳಬಹುದು, ಕನ್ನಡಕ್ಕೆ ಕಷ್ಟ. ಕ್ಕ, ತ್ತ, ಪ್ಪದಂಥ ನಮ್ಮ ಒತ್ತಕ್ಷರ ನಿಂತಿರುವುದೇ ಮೌನದ ಮೇಲೆ. ‘ಕತ್ತೆ’ ಅನ್ನಿ: ನಡುವೆ ನಾಲಿಗೆ ಹಲ್ಲಿಗೆ ಅಂಟಿ, ಸೆಕೆಂಡಿನ ಹತ್ತನೇ ಒಂದು ಪಾಲಿಗಿಂತ ತುಸು ಹೆಚ್ಚು ಹೊತ್ತು ದನಿ ನಿಲ್ಲುತ್ತದೆ. 0.15 ಸೆಕೆಂಡ್ ಅಂತ ಹಿಡಿದರೆ ಅಷ್ಟರಲ್ಲಿ ಆ ಬಾಲ ಇಳಿಯುವುದು 3 ಡೆಸಿಬಲ್ ಮಾತ್ರ. ಮೌನ ತುಂಬಿಹೋಗಿ ಕತ್ತೆ ಕತೆಯಾಗುತ್ತದೆ. ಹಿಂದಿನ ಸ್ವರದ ಬಾಲ ಎಳೆದು ಬಳೆ ಬಾಳೆಯಾಗುತ್ತದೆ. ಆಮೇಲೆ ಊರವರು ಮತ್ತೆ “ಶಬ್ದ ತಿಳೀವಲ್ದು” ಅನ್ನುತ್ತಾರೆ, ಈ ಸಲ ಅವರು ಹೇಳುವುದು ಸರಿ.

ರಿವರ್ಬನ್ನು 1.2 ಸೆಕೆಂಡಿನ ಆಸುಪಾಸು ಇಟ್ಟರೆ ಅದೇ ಮೌನದಲ್ಲಿ ಏಳೂವರೆ ಡೆಸಿಬಲ್ ಇಳಿಯುತ್ತದೆ. ಪ್ರಿ-ಡಿಲೇ, ಅಂದರೆ ರಿವರ್ಬ್ ಶುರುವಾಗುವ ಮುಂಚಿನ ತಡ, 40 ಮಿಲಿಸೆಕೆಂಡ್ ಕೊಡಿ, ಮೂಲ ದನಿ ಮುಂದೆ ಹೋಗಿ ಗುಂಯ್‌ಗುಡುವುದು ಹಿಂದೆ ಬರಲಿ. ರಿವರ್ಬಿಗೆ ಹೋಗುವ ದಾರಿಯಲ್ಲಿ 250 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ‘ಸ’ಕಾರದ ಸಿಳ್ಳನ್ನು ತಗ್ಗಿಸುವ ಡಿ-ಎಸ್ಸರ್ ರಿವರ್ಬಿಗಿಂತ ಮೊದಲು ಇರಲಿ, ಇಲ್ಲದಿದ್ದರೆ ಪ್ರತಿ ‘ಸ’ ಮತ್ತು ‘ಷ’ ಒಗ್ಗರಣೆಯಂತೆ ಸಿಡಿಯುತ್ತದೆ. ಹಾಡನ್ನು ಟೈಲ್ಸ್ ಹಾಕಿದ ಕೋಣೆಯಲ್ಲಿ, ಶಟರ್ ಎದುರು ನಿಂತು ರೆಕಾರ್ಡ್ ಮಾಡಿ ತಂದಿದ್ದರೆ ಇದ್ಯಾವುದೂ ಉಪಯೋಗಕ್ಕೆ ಬಾರದು. ಹಿಂದೆ ಎರಡು ಕೌದಿ ನೇತುಹಾಕಿ ಮತ್ತೆ ಹಾಡಿ. ಕಡೆಗೆ, ಹೌದು, ಅದೇ ಮೊಬೈಲ್ ಸ್ಪೀಕರಿನಲ್ಲಿ, ಸಾಹಿತ್ಯ ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ, ಕೇಳಿದ್ದನ್ನು ಬರೆಯಲು ಹೇಳಿ. ಕತ್ತೆ ಇದ್ದಲ್ಲಿ ಕತ್ತೆ ಅಂತಲೇ ಬರೆದರೆ ಅಪ್‌ಲೋಡ್ ಮಾಡಬಹುದು.