ಆಟ ನಡೆಯುತ್ತಲೇ ಇತ್ತು, ಸರ್ವರ್ ಜಾಗ ಬದಲಿಸಿತು

ಆರು ಜನ ಕ್ವೇಕ್ 3 ಆಡುತ್ತಿದ್ದಾರೆ. ಓಡಿ, ಅಡಗಿ, ಗುಂಡು ಹಾರಿಸುವ ಆಟ. ಅದನ್ನು ನಡೆಸುತ್ತಿದ್ದ ಸರ್ವರ್ ಆಟದ ನಡುವೆಯೇ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಹೋಯಿತು. ಅದು ನಿಂತದ್ದು 60 ಮಿಲಿಸೆಕೆಂಡ್ ಮಾತ್ರ. ಕಣ್ಣು ಮಿಟುಕಿಸೋಕೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ಕೇಂಬ್ರಿಜ್ ಮತ್ತು ಕೋಪನ್‌ಹೇಗನ್ ವಿಶ್ವವಿದ್ಯಾಲಯಗಳ ಸಂಶೋಧಕರು 2005ರಲ್ಲಿ ಈ ಪ್ರಯೋಗದ ವಿವರ ಪ್ರಕಟಿಸಿದರು.

ಬರೀ ಫೈಲ್ ಆಗಿದ್ದರೆ ಸುಮ್ನೆ ಕಾಪಿ ಮಾಡಬಹುದಿತ್ತು. ಆದರೆ ಯಾರು ಎಲ್ಲಿ ನಿಂತಿದ್ದಾರೆ, ಯಾರ ಸ್ಕೋರ್ ಎಷ್ಟು ಅನ್ನುವುದೆಲ್ಲ ಇರುವುದು ಮೆಮೊರಿಯಲ್ಲಿ. ಅದು ಕ್ಷಣಕ್ಷಣಕ್ಕೂ ಬದಲಾಗುತ್ತದೆ.

ಕಿರಾಣಿ ಅಂಗಡಿಯ ಸಾಲದ ಪುಸ್ತಕವನ್ನು ನೀವು ನಕಲು ಮಾಡಬೇಕು ಅಂದುಕೊಳ್ಳಿ. ಅಂಗಡಿ ಮುಚ್ಚುವ ಹಾಗಿಲ್ಲ. ನೀವು ಹತ್ತನೇ ಪುಟಕ್ಕೆ ಬರುವಷ್ಟರಲ್ಲಿ ಅಂಗಡಿಯವರು ಮೂರನೇ ಪುಟದಲ್ಲಿ ಹೊಸ ಸಾಲ ಬರೆದಿರುತ್ತಾರೆ. ಏನು ಮಾಡುತ್ತೀರಿ? ಮೊದಲು ಇಡೀ ಪುಸ್ತಕ ಬರೆದು ಮುಗಿಸಿ. ಆಮೇಲೆ ಅಷ್ಟರಲ್ಲಿ ಬದಲಾದ ಪುಟಗಳನ್ನಷ್ಟೇ ಮತ್ತೆ ಬರೆಯಿರಿ. ಈ ಸುತ್ತು ಬೇಗ ಮುಗಿಯುತ್ತದೆ, ಹಾಗಾಗಿ ಬದಲಾಗುವ ಪುಟಗಳೂ ಕಡಿಮೆ. ಹೀಗೇ ಮುಂದುವರಿದು, ಕೊನೆಗೆ ಒಂದೇ ಒಂದು ಗಳಿಗೆ ಬಾಗಿಲು ಹಾಕಿ, ಉಳಿದದ್ದನ್ನು ಬರೆದುಕೊಂಡು, ಹೊಸ ಜಾಗದಲ್ಲಿ ಬಾಗಿಲು ತೆರೆಯುವುದು. ಕ್ವೇಕ್ ಸರ್ವರ್‌ನಲ್ಲಿ ಕೊನೆಯ ಸುತ್ತಿಗೆ ಉಳಿದದ್ದು 148 ಕೆಬಿ. ಅದನ್ನು ಕಳಿಸಲು 20 ಮಿಲಿಸೆಕೆಂಡ್, ಅಲ್ಲಿ ಮತ್ತೆ ಶುರುಮಾಡಲು 40.

ಬದಲಾದ ಪುಟ ಯಾವುದು ಅಂತ ತಿಳಿಯುವ ಬಗೆಯೇ ನನಗೆ ತುಂಬ ಇಷ್ಟ. ಕಂಪ್ಯೂಟರ್‌ನ ಮೆಮೊರಿಯೂ ಪುಟಗಳಾಗಿಯೇ ಇರುತ್ತದೆ, ಸಾಮಾನ್ಯವಾಗಿ ಒಂದೊಂದೂ 4 ಕೆಬಿ. ಪ್ರತಿ ಸುತ್ತಿನ ಶುರುವಿನಲ್ಲಿ ಎಲ್ಲ ಪುಟಗಳಿಗೂ 'ಓದಬಹುದು, ಬರೆಯುವಂತಿಲ್ಲ' ಅಂತ ಬೀಗ ಹಾಕುತ್ತಾರೆ. ಪ್ರೋಗ್ರಾಂ ಬರೆಯಲು ಹೋದಾಗ ಪ್ರೊಸೆಸರ್ ತಡೆಯುತ್ತದೆ. ಕೆಳಗಿರುವ ತಂತ್ರಾಂಶ ಆ ಪುಟದ ನಂಬರ್ ಗುರುತು ಹಾಕಿಕೊಂಡು ಬೀಗ ತೆಗೆಯುತ್ತದೆ. ಪ್ರೋಗ್ರಾಂಗೆ ಇದ್ಯಾವುದೂ ಗೊತ್ತೇ ಆಗುವುದಿಲ್ಲ!

ಸುತ್ತುಸುತ್ತಾಗಿ ನಕಲು ಮಾಡುವ ಈ ಉಪಾಯ 1985ರಷ್ಟು ಹಳೆಯದು, ಸ್ಟ್ಯಾನ್‌ಫರ್ಡ್‌ನ 'ವಿ' ಎಂಬ ಆಪರೇಟಿಂಗ್ ಸಿಸ್ಟಮ್‌ನದು. ಬರ್ಕ್ಲಿಯ ಸ್ಪ್ರೈಟ್ ವ್ಯವಸ್ಥೆ ಇನ್ನೊಂದು ದಾರಿ ಹಿಡಿಯಿತು. ಸಹೋದ್ಯೋಗಿಯ ಕಂಪ್ಯೂಟರ್ ಖಾಲಿ ಇದ್ದರೆ ನಿಮ್ಮ ಪ್ರೋಗ್ರಾಂ ಅಲ್ಲಿ ಓಡುತ್ತಿತ್ತು. ಅವರು ಬಂದು ಕೀಬೋರ್ಡ್ ಮುಟ್ಟಿದರೆ ವಾಪಸ್. ಆದರೆ ಹೊರಗೆ ಹೋದ ಪ್ರೋಗ್ರಾಂ ಕೆಲವು ಕೆಲಸಗಳಿಗೆ ತವರನ್ನೇ, ಅಂದರೆ ತಾನು ಹೊರಟ ಮೆಷಿನ್ನನ್ನೇ, ಕೇಳಬೇಕಿತ್ತು. ತವರಿನ ಮೆಷಿನ್ ಆಫ್ ಆದರೆ ಅದರ ಕಥೆಯೂ ಮುಗಿಯಿತು. ನನ್ನ ಪ್ರಕಾರ ನಿಜವಾದ ತೊಡಕು ಈ ನಂಟು. ಕೇಂಬ್ರಿಜ್‌ನವರು ಒಂದು ಪ್ರೋಗ್ರಾಂ ಬದಲು ಅದರ ಆಪರೇಟಿಂಗ್ ಸಿಸ್ಟಮ್ ಸಮೇತ ಇಡೀ ವರ್ಚುವಲ್ ಮೆಷಿನ್ನನ್ನೇ, ಅಂದರೆ ಕಂಪ್ಯೂಟರ್‌ನೊಳಗೆ ತಂತ್ರಾಂಶದಿಂದ ಕಟ್ಟಿದ ಇನ್ನೊಂದು ಕಂಪ್ಯೂಟರನ್ನೇ, ಸಾಗಿಸಿದರು. ಕೇಳಬೇಕಾದವರೂ ಜೊತೆಗೇ ಬಂದರು. ಡಿಸ್ಕ್ ಸಾಗಿಸುವ ಗೋಜೇ ಇರಲಿಲ್ಲ, ಅದು ನೆಟ್‌ವರ್ಕ್‌ನಲ್ಲೇ ಇತ್ತು.

ಉಳಿದದ್ದು ವಿಳಾಸ. ಹೊಸ ಮೆಷಿನ್ ಅದೇ ಲೋಕಲ್ ನೆಟ್‌ವರ್ಕ್‌ನಲ್ಲಿ ಎಲ್ಲರಿಗೂ ಕೇಳುವಂತೆ ಸಾರುತ್ತದೆ: ಈ ಐಪಿ ವಿಳಾಸ ಇನ್ನು ನನ್ನ ಹತ್ತಿರ. ಆಟಗಾರರ ಮಾತೆಲ್ಲ ಈ ಕಡೆ ತಿರುಗುತ್ತದೆ. ಈಗ ಹಳೇ ಮೆಷಿನ್‌ನ ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ ಫ್ಯಾನ್ ಬದಲಿಸಬಹುದು.